ಪಿರಮಿಡ್‌ಗಿಂತ ಹಳೆಯ ಮನೆಗಳು, ಹತ್ತಿರ ಬರುತ್ತಿರುವ ಕಡಲು: ಆರ್ಕ್ನಿ ದ್ವೀಪದಲ್ಲಿ ಒಂದು ದಿನದ ಪ್ರವಾಸ

ಗೀಜಾದ ಮಹಾ ಪಿರಮಿಡ್ ಏಳುವುದಕ್ಕೆ ಸುಮಾರು 600 ವರ್ಷ ಮೊದಲೇ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಪುಟ್ಟ ದ್ವೀಪವೊಂದರಲ್ಲಿ ಜನ ಕಲ್ಲಿನ ಮನೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು. ಆ ಮನೆಗಳ ಒಲೆ, ಮಂಚ, ಪಾತ್ರೆ ಇಡುವ ಕಪಾಟು ಇಂದಿಗೂ ಇದ್ದ ಜಾಗದಲ್ಲೇ ಇವೆ. ಇವನ್ನು ಕಣ್ಣಾರೆ ನೋಡಲು ಪ್ರತಿ ಬೇಸಿಗೆಯಲ್ಲಿ ಸಾವಿರಾರು ಪ್ರವಾಸಿಗರು ಆರ್ಕ್ನಿ ದ್ವೀಪಸಮೂಹಕ್ಕೆ ಬರುತ್ತಾರೆ. ಆದರೆ ಕಡಲು ಇದೇ ಜಾಗವನ್ನು ವರ್ಷದಿಂದ ವರ್ಷಕ್ಕೆ ಕೊರೆಯುತ್ತಿದೆ. ಸಣ್ಣ ಗುಂಪಿನ ಜತೆ, ಸ್ಥಳೀಯ ಗೈಡ್ ಸಹಾಯದಿಂದ ಒಂದೇ ದಿನದಲ್ಲಿ ಈ ತಾಣಗಳನ್ನು ಸುತ್ತುವುದು ಹೇಗೆ, ಅಲ್ಲಿ ನೋಡುವುದೇನು ಎಂಬ ಮಾಹಿತಿ ಇಲ್ಲಿದೆ.

ಎಲ್ಲಿದೆ ಆರ್ಕ್ನಿ?

ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಿಂದ ಪೆಂಟ್‌ಲ್ಯಾಂಡ್ ಫರ್ತ್ ಎಂಬ ಜಲಸಂಧಿ ದಾಟಿದರೆ ಆರ್ಕ್ನಿ. ಸುಮಾರು 70 ದ್ವೀಪಗಳಿದ್ದು, ಜನವಸತಿ ಇರುವುದು 20ರಷ್ಟರಲ್ಲಿ ಮಾತ್ರ. ಒಟ್ಟು ಜನಸಂಖ್ಯೆ ಸುಮಾರು 22 ಸಾವಿರ. ಅತಿ ದೊಡ್ಡ ದ್ವೀಪಕ್ಕೆ ಮೇನ್‌ಲ್ಯಾಂಡ್ ಎಂದೇ ಹೆಸರು. ಕರ್ಕ್‌ವಾಲ್ ಮತ್ತು ಸ್ಟ್ರಾಮ್ನೆಸ್ ಇಲ್ಲಿನ ಎರಡು ಪ್ರಮುಖ ಪಟ್ಟಣಗಳು. ಶತಮಾನಗಳ ಕಾಲ ನಾರ್ಸ್ ಆಳ್ವಿಕೆಯಲ್ಲಿದ್ದ ಈ ದ್ವೀಪಗಳನ್ನು ಡೆನ್ಮಾರ್ಕಿನ ರಾಜ 1468ರಲ್ಲಿ ಮಗಳ ವರದಕ್ಷಿಣೆಗಾಗಿ ಸ್ಕಾಟ್ಲೆಂಡಿಗೆ ಅಡವಿಟ್ಟ. ಆ ಅಡವನ್ನು ಆಮೇಲೆ ಯಾರೂ ಬಿಡಿಸಿಕೊಳ್ಳಲಿಲ್ಲ.

ಇಲ್ಲಿ ಮರಗಳು ಬಹಳ ಕಡಿಮೆ, ಗಾಳಿ ವಿಪರೀತ. ಆದರೆ ಹಲಗೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುವ ಕಲ್ಲು ಹೇರಳವಾಗಿ ಸಿಗುತ್ತದೆ. ಬೇರೆ ಕಡೆ ನವಶಿಲಾಯುಗದ ಜನ ಮರದಿಂದ ಮಾಡಿಕೊಂಡ ವಸ್ತುಗಳು ಕೊಳೆತು ಮಣ್ಣಾದವು. ಆರ್ಕ್ನಿಯ ಜನ ಅದನ್ನೆಲ್ಲ ಕಲ್ಲಿನಲ್ಲೇ ಮಾಡಿಕೊಂಡರು. ಐದು ಸಾವಿರ ವರ್ಷದ ಹಿಂದಿನ ಮನೆಯ ಒಳಾಂಗಣ ಇಲ್ಲಿ ಉಳಿದುಕೊಂಡಿರುವುದಕ್ಕೆ ಇದೇ ಕಾರಣ. ಮೇನ್‌ಲ್ಯಾಂಡಿನ ಪಶ್ಚಿಮ ಭಾಗದ ನಾಲ್ಕು ಪ್ರಮುಖ ತಾಣಗಳನ್ನು ಯುನೆಸ್ಕೋ 1999ರಲ್ಲಿ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಸಣ್ಣ ಗುಂಪಿನ ಪ್ರವಾಸವೇ ಏಕೆ?

ಕರ್ಕ್‌ವಾಲ್ ಈಗ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಕ್ರೂಸ್ ಹಡಗುಗಳು ಬರುವ ಬಂದರುಗಳಲ್ಲಿ ಒಂದು. ದೊಡ್ಡ ಹಡಗು ಬಂದ ದಿನ ಸಾವಿರಾರು ಜನ ಒಟ್ಟಿಗೆ ಇಳಿಯುತ್ತಾರೆ. ಬಸ್ಸುಗಳ ಸಾಲು ಒಂದೇ ಹೊತ್ತಿಗೆ ಒಂದೇ ತಾಣದ ಮುಂದೆ ನಿಲ್ಲುತ್ತದೆ. ಎಂಟರಿಂದ ಹದಿನಾರು ಮಂದಿ ಹಿಡಿಸುವ ಮಿನಿಬಸ್ ಪ್ರವಾಸಕ್ಕೆ ಈ ತೊಂದರೆ ಕಡಿಮೆ. ಒಂದು ಕಡೆ ಜನಜಂಗುಳಿ ಇದ್ದರೆ ಗೈಡ್ ಇನ್ನೊಂದು ತಾಣವನ್ನು ಮೊದಲು ತೋರಿಸಬಹುದು, ಕಿರಿದಾದ ಹಳ್ಳಿ ರಸ್ತೆಗಳಲ್ಲಿ ಕಡಲ ದಂಡೆಯವರೆಗೂ ಹೋಗಬಹುದು, ಕಡಲಿನ ಇಳಿತದ ಹೊತ್ತು ನೋಡಿಕೊಂಡು ದಿನವನ್ನು ಹೊಂದಿಸಿಕೊಳ್ಳಬಹುದು.

ಇಲ್ಲಿ ಗೈಡ್ ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಹುಲ್ಲುದಿಬ್ಬ ಮತ್ತು ನಿಂತ ಕಲ್ಲು ಮಾತ್ರ ಎಂಬುದೂ ನಿಜ. ಯಾವ ದಿಬ್ಬ ಸಮಾಧಿ, ಯಾವುದು ತಿಪ್ಪೆ, ಯಾವ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಹೇಳುವವರು ಜತೆಗಿದ್ದರೆ ಇಡೀ ಬಯಲು ಅರ್ಥವಾಗುತ್ತದೆ.

ಮೊದಲ ನಿಲ್ದಾಣ: ಸ್ಕಾರಾ ಬ್ರೇ

ಹೆಚ್ಚಿನ ಪ್ರವಾಸಗಳು ಬೆಳಗ್ಗೆ ಕರ್ಕ್‌ವಾಲ್ ಅಥವಾ ಸ್ಟ್ರಾಮ್ನೆಸ್‌ನಿಂದ ಹೊರಟು ಸ್ಕೇಲ್ ಕೊಲ್ಲಿಯ ದಂಡೆಯಲ್ಲಿರುವ ಸ್ಕಾರಾ ಬ್ರೇ ತಲುಪುತ್ತವೆ. 1850ರ ಚಳಿಗಾಲದ ಭಾರಿ ಬಿರುಗಾಳಿ ಇಲ್ಲಿನ ಮರಳುದಿಬ್ಬದ ಹುಲ್ಲಿನ ಹೊದಿಕೆಯನ್ನು ಕಿತ್ತುಹಾಕಿದಾಗ ಕೆಳಗೆ ಕಲ್ಲಿನ ಗೋಡೆಗಳು ಕಾಣಿಸಿಕೊಂಡವು. ಜಮೀನಿನ ಒಡೆಯ ವಿಲಿಯಂ ವಾಟ್ ಕೆಲವು ಮನೆಗಳನ್ನು ಅಗೆಸಿದ. 1920ರ ದಶಕದ ಇನ್ನೊಂದು ಬಿರುಗಾಳಿ ಒಂದಿಷ್ಟು ಭಾಗವನ್ನು ಹಾಳುಮಾಡಿದ ಮೇಲೆ ತಡೆಗೋಡೆ ಕಟ್ಟಲಾಯಿತು. ಪುರಾತತ್ವಜ್ಞ ವಿ. ಗಾರ್ಡನ್ ಚೈಲ್ಡ್ ಕ್ರಮಬದ್ಧ ಉತ್ಖನನ ನಡೆಸಿದರು.

ಚೈಲ್ಡ್ ಈ ಊರನ್ನು ಕಬ್ಬಿಣಯುಗದ್ದು ಎಂದು ಭಾವಿಸಿದ್ದರು. 1970ರ ದಶಕದ ರೇಡಿಯೊಕಾರ್ಬನ್ ಪರೀಕ್ಷೆ ಆ ಲೆಕ್ಕವನ್ನು ಬುಡಮೇಲು ಮಾಡಿತು. ಇಲ್ಲಿ ಜನ ಬದುಕಿದ್ದು ಸುಮಾರು ಕ್ರಿ.ಪೂ. 3180ರಿಂದ 2500ರವರೆಗೆ. ಹರಪ್ಪ, ಮೊಹೆಂಜೊದಾರೊ ದೊಡ್ಡ ನಗರಗಳಾಗಿ ಬೆಳೆಯುವುದಕ್ಕಿಂತ ಮೊದಲೇ ಈ ಪುಟ್ಟ ಊರಿನ ಮನೆಗಳಿಗೆ ಚರಂಡಿ ಇತ್ತು.

ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ನಕ್ಷೆಯವು. ನಡುವೆ ಒಲೆ, ಎರಡೂ ಬದಿ ಕಲ್ಲಿನ ಚೌಕಟ್ಟಿನ ಮಂಚ, ಬಾಗಿಲಿಗೆ ಎದುರಾಗಿ ಕಲ್ಲಿನ ಕಪಾಟು. ಮನೆಗಳ ಸುತ್ತ ಹಳೆಯ ತಿಪ್ಪೆಯನ್ನು ಒತ್ತಾಗಿ ಪೇರಿಸಿದ್ದರಿಂದ ಗಾಳಿ, ಚಳಿ ಒಳಗೆ ನುಗ್ಗುತ್ತಿರಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಬಗ್ಗಿ ನಡೆಯಬೇಕಾದ ಓಣಿಗಳು. ನೆಲದಲ್ಲಿ ಹುಗಿದ ಕಲ್ಲಿನ ತೊಟ್ಟಿಗಳಲ್ಲಿ ಮೀನಿನ ಗಾಳಕ್ಕೆ ಬೇಕಾದ ಚಿಪ್ಪುಹುಳುಗಳನ್ನು ನೀರಿನಲ್ಲಿ ಇಡುತ್ತಿದ್ದರೆಂಬ ಊಹೆಯಿದೆ. ಪ್ರವಾಸಿಗರು ಮೂಲ ಮನೆಗಳೊಳಗೆ ಇಳಿಯುವಂತಿಲ್ಲ, ಮೇಲಿನ ಹಾದಿಯಿಂದ ನೋಡಬೇಕು. ಪಕ್ಕದಲ್ಲೇ ಕಟ್ಟಿರುವ ಮಾದರಿ ಮನೆಯೊಳಗೆ ಹೋಗಬಹುದು.

ಇಲ್ಲಿ ಸಿಕ್ಕ ತಿಮಿಂಗಿಲ ಮೂಳೆಯ ಪುಟ್ಟ ಮಾನವ ಬೊಂಬೆಯ ಕತೆಯೂ ಸ್ವಾರಸ್ಯಕರ. 19ನೇ ಶತಮಾನದಲ್ಲೇ ಅಗೆದು ತೆಗೆದಿದ್ದ ಈ ಬೊಂಬೆ ಎಲ್ಲಿ ಹೋಯಿತೆಂದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 2016ರಲ್ಲಿ ಸ್ಟ್ರಾಮ್ನೆಸ್ ವಸ್ತುಸಂಗ್ರಹಾಲಯದ ಪೆಟ್ಟಿಗೆಯೊಂದರಲ್ಲಿ ಪತ್ತೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ವೃತ್ತಗಳು

ಹ್ಯಾರೇ ಮತ್ತು ಸ್ಟೆನ್ನೆಸ್ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ಭೂಪಟ್ಟಿಯ ಮೇಲೆ ರಿಂಗ್ ಆಫ್ ಬ್ರಾಡ್ಗರ್ ಇದೆ. 104 ಮೀಟರ್ ವ್ಯಾಸದ ಈ ವೃತ್ತದಲ್ಲಿ ಮೊದಲು 60 ಕಲ್ಲುಗಳಿದ್ದವೆಂದು ಅಂದಾಜು. ಮೋಟುಗಳನ್ನೂ ಸೇರಿಸಿದರೆ ಈಗ ಉಳಿದಿರುವುದು 36. ಸುತ್ತಲಿನ ಕಂದಕವನ್ನು ಬಂಡೆಯಲ್ಲೇ ಕೊರೆದಿದ್ದಾರೆ, ಅದೂ ಲೋಹದ ಉಪಕರಣ ಇಲ್ಲದ ಕಾಲದಲ್ಲಿ. 1980ರಲ್ಲಿ ಸಿಡಿಲು ಬಡಿದು ಒಡೆದ ಕಲ್ಲೊಂದನ್ನು ಗೈಡ್‌ಗಳು ತೋರಿಸುತ್ತಾರೆ.

ಹತ್ತಿರದ ಸ್ಟೆನ್ನೆಸ್ ಕಲ್ಲುಗಳು ಇನ್ನೂ ಹಳೆಯವು, ಸುಮಾರು ಕ್ರಿ.ಪೂ. 3100ರವು. ನಾಲ್ಕು ಮಾತ್ರ ಉಳಿದಿವೆ. 1814ರಲ್ಲಿ ಇಲ್ಲಿನ ಗೇಣಿದಾರನೊಬ್ಬ ಉಳುಮೆಗೆ ಅಡ್ಡಿಯೆಂದು ಕಲ್ಲುಗಳನ್ನು ಒಡೆಯಲು ಶುರುಮಾಡಿದ. ನಡುವೆ ರಂಧ್ರವಿದ್ದ ಓಡಿನ್ ಕಲ್ಲನ್ನೂ ಒಡೆದುಹಾಕಿದ. ಆ ರಂಧ್ರದೊಳಗೆ ಕೈ ಹಿಡಿದುಕೊಂಡು ಪ್ರೇಮಿಗಳು ಆಣೆ ಮಾಡುವುದು ಊರಿನ ವಾಡಿಕೆಯಾಗಿತ್ತು. ಊರವರು ಸಿಟ್ಟಿಗೆದ್ದರು, ಕೆಲಸ ನಿಂತಿತು. ಆದರೆ ಹೋದ ಕಲ್ಲು ಹೋಯಿತು.

ಎರಡೂ ವೃತ್ತಗಳ ನಡುವೆ 2003ರಲ್ಲಿ ಪತ್ತೆಯಾದ ನೆಸ್ ಆಫ್ ಬ್ರಾಡ್ಗರ್‌ನಲ್ಲಿ ಬೃಹತ್ ಕಟ್ಟಡಗಳ ಸಮುಚ್ಚಯವೇ ಸಿಕ್ಕಿತು. ಎರಡು ದಶಕದ ಉತ್ಖನನ 2024ರಲ್ಲಿ ಮುಗಿದ ಬಳಿಕ ಸಂರಕ್ಷಣೆಗಾಗಿ ಮತ್ತೆ ಮಣ್ಣು ಮುಚ್ಚಲಾಯಿತು. ಗಾಳಿ, ಮಳೆಗೆ ತೆರೆದಿಟ್ಟರೆ ಇಲ್ಲಿನ ಕಲ್ಲು ಪದರ ಬಿಡುತ್ತದೆ.

ಮೇಸ್‌ಹೌ: ಸೂರ್ಯ ಒಳಗೆ ಬರುವ ಸಮಾಧಿ

ಹೊರಗಿನಿಂದ ನೋಡಿದರೆ ಸುಮಾರು 7 ಮೀಟರ್ ಎತ್ತರದ ಹುಲ್ಲುದಿಬ್ಬ. ಒಳಗೆ ಹೋಗಲು ತಗ್ಗಾದ ಓಣಿಯಲ್ಲಿ ಸುಮಾರು 10 ಮೀಟರ್ ಸೊಂಟ ಬಗ್ಗಿಸಿ ನಡೆಯಬೇಕು. ಕೊನೆಯಲ್ಲಿ ಎತ್ತರದ ಕಲ್ಲಿನ ಕೋಣೆ. ಕಟ್ಟಿದ್ದು ಸುಮಾರು ಕ್ರಿ.ಪೂ. 2800ರಲ್ಲಿ. ಡಿಸೆಂಬರ್ 21ರ ಹಿಂದೆಮುಂದೆ ಕೆಲವು ವಾರ, ಮುಳುಗುವ ಸೂರ್ಯನ ಕಿರಣ ಓಣಿಯುದ್ದಕ್ಕೂ ಹಾದು ಕೋಣೆಯ ಹಿಂಗೋಡೆಯ ಮೇಲೆ ಬೀಳುತ್ತದೆ.

12ನೇ ಶತಮಾನದಲ್ಲಿ ನಾರ್ಸ್ ಜನ ಮೇಲಿನಿಂದ ಒಡೆದು ಒಳಗಿಳಿದರು. ಅವರು ಗೋಡೆಗಳ ಮೇಲೆ ಸುಮಾರು 30 ರೂನ್ ಬರಹಗಳನ್ನು ಗೀಚಿಹೋಗಿದ್ದಾರೆ. ಒಬ್ಬ ಹೆಣ್ಣೊಬ್ಬಳ ಚೆಲುವನ್ನು ಹೊಗಳಿದರೆ, ಮತ್ತೊಬ್ಬ ಎಲ್ಲರಿಗಿಂತ ಎತ್ತರದಲ್ಲಿ ಕೆತ್ತಿದ್ದೇನೆಂದು ಜಂಬ ಕೊಚ್ಚಿಕೊಂಡಿದ್ದಾನೆ. ಇಂದು ಸ್ಮಾರಕಗಳ ಮೇಲೆ ಹೆಸರು ಕೆತ್ತಿದರೆ ದಂಡ ಬೀಳುತ್ತದೆ. ಆದರೆ 900 ವರ್ಷ ಹಳೆಯ ಈ ಗೀಚುಗಳು ಈಗ ಅವೇ ಅಮೂಲ್ಯ ದಾಖಲೆ. ಮೇಸ್‌ಹೌ ಒಳಗೆ ನಿಗದಿತ ವೇಳೆಯಲ್ಲಿ, ಅಲ್ಲಿನ ಗೈಡ್ ಜತೆ, ಸೀಮಿತ ಸಂಖ್ಯೆಯಲ್ಲಿ ಮಾತ್ರ ಪ್ರವೇಶ.

ಕಡಲ ತೀರದ ಸಂಜೆ

ಪಶ್ಚಿಮ ತೀರದ ಯೆಸ್ನಬಿಯಲ್ಲಿ ಅಟ್ಲಾಂಟಿಕ್ ಅಲೆಗಳು ಕಡಿದಾದ ಬಂಡೆಗಳಿಗೆ ನೇರ ಅಪ್ಪಳಿಸುತ್ತವೆ. ಅಲೆಗಳೇ ಕೊರೆದು ಬೇರೆಮಾಡಿದ ಕಲ್ಲಿನ ಕಂಬ, ಸ್ಕಾಟ್ಲೆಂಡಿನ ಉತ್ತರದಲ್ಲಿ ಮಾತ್ರ ಬೆಳೆಯುವ ಪುಟ್ಟ ನೇರಳೆ ಪ್ರಿಮ್ರೋಸ್ ಹೂವು ಇಲ್ಲಿನ ವಿಶೇಷ. ಉತ್ತರಕ್ಕೆ ಮಾರ್ವಿಕ್ ಹೆಡ್ ಬಂಡೆಯ ಮೇಲೆ ನಿಂತಿರುವ ಗೋಪುರ ಲಾರ್ಡ್ ಕಿಚನರ್ ಸ್ಮಾರಕ. 1902ರಿಂದ 1909ರವರೆಗೆ ಭಾರತದ ಸೇನೆಯ ಮಹಾದಂಡನಾಯಕನಾಗಿದ್ದ ಕಿಚನರ್ 1916ರ ಜೂನ್ 5ರಂದು ಈ ತೀರದ ಬಳಿಯೇ ಎಚ್‌ಎಂಎಸ್ ಹ್ಯಾಂಪ್‌ಶೈರ್ ಹಡಗು ಸಿಡಿಮದ್ದಿಗೆ ಸಿಕ್ಕಿ ಮುಳುಗಿದಾಗ ಸಾವನ್ನಪ್ಪಿದ.

ಇಳಿತ ಹೊಂದಿಕೊಂಡರೆ ಕೊನೆಗೆ ಬ್ರಾ ಆಫ್ ಬರ್ಸೇ. ಈ ಪುಟ್ಟ ದ್ವೀಪಕ್ಕೆ ಕಡಲು ಇಳಿದಾಗ ಮಾತ್ರ, ಇಳಿತದ ಹಿಂದೆಮುಂದೆ ತಲಾ ಎರಡು ತಾಸು ಕಾಲುದಾರಿ ತೆರೆದಿರುತ್ತದೆ. ಹೊತ್ತು ತಪ್ಪಿದರೆ ಮುಂದಿನ ಇಳಿತದವರೆಗೆ ಅಲ್ಲೇ ಕಾಯಬೇಕು. ಪಿಕ್ಟಿಶ್ ಮತ್ತು ನಾರ್ಸ್ ಜನವಸತಿಯ ಅವಶೇಷ ಇಲ್ಲಿವೆ.

ಬಳ್ಳಾರಿಯ ಬೂದಿ ದಿಬ್ಬಗಳ ಜತೆ ಹೋಲಿಕೆ

ಸ್ಕಾರಾ ಬ್ರೇ ಜನ ದನ, ಕುರಿ ಸಾಕಿ ಬಾರ್ಲಿ ಬೆಳೆಯುತ್ತಿದ್ದ ಕ್ರಿ.ಪೂ. 3ನೇ ಸಹಸ್ರಮಾನದಲ್ಲೇ ದಕ್ಷಿಣ ಭಾರತದಲ್ಲೂ ನವಶಿಲಾಯುಗದ ದನಗಾಹಿಗಳು ಬದುಕುತ್ತಿದ್ದರು. ಸೆಗಣಿ ಸುಟ್ಟು ಅವರು ಬಿಟ್ಟುಹೋದ ಬೂದಿ ದಿಬ್ಬಗಳು ಬಳ್ಳಾರಿ ಸುತ್ತಮುತ್ತ ಇಂದಿಗೂ ಇವೆ. ಕೊಪ್ಪಳ ಜಿಲ್ಲೆ ಹಿರೇಬೆಣಕಲ್‌ನ ಕಲ್ಗೋರಿಗಳು ಕಬ್ಬಿಣಯುಗದವು, ಅಂದರೆ ಮೇಸ್‌ಹೌಗಿಂತ ಸುಮಾರು ಎರಡು ಸಾವಿರ ವರ್ಷ ಈಚಿನವು. ಅವು 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿ ಸೇರಿವೆ. ಆರ್ಕ್ನಿ ಸುತ್ತಿಬಂದವರಿಗೆ ಹಿರೇಬೆಣಕಲ್ ಬೆಟ್ಟ ಹೊಸದಾಗಿ ಕಂಡರೆ ಅಚ್ಚರಿಯಿಲ್ಲ.

ಎಷ್ಟು ದಿನ ಉಳಿದೀತು?

ಸ್ಕಾರಾ ಬ್ರೇ ಕಟ್ಟಿದಾಗ ಕಡಲು ಈಗಿನಷ್ಟು ಹತ್ತಿರ ಇರಲಿಲ್ಲ. ಈಗ ಮನೆಗಳಿಗೂ ಅಲೆಗಳಿಗೂ ನಡುವೆ ಇರುವುದು ಒಂದು ತಡೆಗೋಡೆ. ಗೋಡೆ ಇರುವಷ್ಟು ಕಡೆ ದಂಡೆ ನಿಂತಿದೆ, ಅದರ ಎರಡೂ ತುದಿಗಳಾಚೆ ಕೊರೆತ ಮುಂದುವರಿದಿದೆ. 2019ರಲ್ಲಿ ಹವಾಮಾನ ಬದಲಾವಣೆಯ ಅಪಾಯ ಅಳೆಯುವ ಹೊಸ ಸೂಚ್ಯಂಕವನ್ನು ಸಾಂಸ್ಕೃತಿಕ ವಿಶ್ವ ಪಾರಂಪರಿಕ ತಾಣವೊಂದಕ್ಕೆ ಮೊದಲ ಬಾರಿ ಬಳಸಿದ್ದು ಇಲ್ಲಿಯೇ. ಸಮುದ್ರಮಟ್ಟದ ಏರಿಕೆ, ಬಿರುಗಾಳಿ, ಮಳೆ ಮೂರರಿಂದಲೂ ತಾಣಕ್ಕೆ ತೀವ್ರ ಅಪಾಯವಿದೆ ಎಂಬ ತೀರ್ಮಾನ ಬಂತು. ಪಕ್ಕದ ರೌಸೇ ದ್ವೀಪದ ಸ್ವಾಂಡ್ರೊದಲ್ಲಿ ಅಲೆಗಳು ಕೊಚ್ಚಿಕೊಂಡು ಹೋಗುವ ಮೊದಲು ಸಿಕ್ಕಷ್ಟನ್ನು ದಾಖಲಿಸಲು ಪುರಾತತ್ವಜ್ಞರು ಅಗೆದಿದ್ದಾರೆ.

ಕಡಲಿನ ಜತೆಗೆ ಕಾಲ್ತುಳಿತದ ಹಾನಿಯೂ ಇದೆ. ಬ್ರಾಡ್ಗರ್‌ನಲ್ಲಿ ಹುಲ್ಲು ಕೆಸರಾದಾಗ ಒಳಹಾದಿಯನ್ನು ಮುಚ್ಚಿ ನೆಲಕ್ಕೆ ಚೇತರಿಸಿಕೊಳ್ಳಲು ಬಿಡುತ್ತಾರೆ. ಆ ದಿನ ಹೋದವರು ದೂರದಿಂದಲೇ ನೋಡಿ ಬರಬೇಕು. ಹಗ್ಗ ದಾಟಿ ಫೋಟೊಗೆ ಹೋಗದಿರುವುದು ಪ್ರವಾಸಿಗರ ಪಾಲಿನ ಜವಾಬ್ದಾರಿ.

ಹೊರಡುವ ಮುನ್ನ ತಿಳಿದಿರಲಿ

* ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ ವಿಸಿಟರ್ ವೀಸಾ ಬೇಕು. ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ.
* ಎಡಿನ್‌ಬರೊ, ಗ್ಲಾಸ್ಗೊ, ಅಬರ್ಡೀನ್, ಇನ್ವರ್ನೆಸ್‌ನಿಂದ ಕರ್ಕ್‌ವಾಲ್‌ಗೆ ವಿಮಾನವಿದೆ. ಸ್ಕ್ರಾಬ್‌ಸ್ಟರ್‌ನಿಂದ ಸ್ಟ್ರಾಮ್ನೆಸ್‌ಗೆ ಫೆರಿಯಲ್ಲಿ ಸುಮಾರು ಒಂದೂವರೆ ತಾಸು. ದಾರಿಯಲ್ಲಿ 137 ಮೀಟರ್ ಎತ್ತರದ ಓಲ್ಡ್ ಮ್ಯಾನ್ ಆಫ್ ಹಾಯ್ ಕಲ್ಲಿನ ಕಂಬ ಕಾಣುತ್ತದೆ.
* ಜೂನ್‌ನಲ್ಲಿ ಸುಮಾರು 18 ತಾಸು ಬೆಳಕಿದ್ದರೆ ಡಿಸೆಂಬರ್‌ನಲ್ಲಿ ಆರೇ ತಾಸು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಕ್ಕೆ ಅನುಕೂಲ.
* ಬೇಸಿಗೆಯಲ್ಲೂ ಗಾಳಿ, ಮಳೆ ತಡೆಯುವ ಜಾಕೆಟ್ ಮತ್ತು ಜಾರದ ಬೂಟು ಬೇಕು. ಇಲ್ಲಿನ ಗಾಳಿಗೆ ಛತ್ರಿ ನಿಲ್ಲುವುದಿಲ್ಲ.
* ಮೇಸ್‌ಹೌ ಟಿಕೆಟ್ ಪ್ರವಾಸದ ಶುಲ್ಕದಲ್ಲಿ ಸೇರಿದೆಯೇ ಎಂದು ಬುಕಿಂಗ್ ಮಾಡುವಾಗಲೇ ಕೇಳಿ. ಮಂಡಿ, ಬೆನ್ನುನೋವು ಇರುವ ಹಿರಿಯರು ತಗ್ಗು ಓಣಿಯ ಬಗ್ಗೆ ಮೊದಲೇ ಯೋಚಿಸುವುದು ಒಳ್ಳೆಯದು.
* ಕ್ರೂಸ್ ಹಡಗುಗಳ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ದೊಡ್ಡ ಹಡಗು ಇಲ್ಲದ ದಿನ ಆರಿಸಿಕೊಂಡರೆ ಕಲ್ಲುಗಳ ನಡುವೆ ನೆಮ್ಮದಿಯಾಗಿ ನಿಲ್ಲಬಹುದು.