ಹಳೆಯ ಫೈಬರ್ ದೋಣಿ: ಸುಟ್ಟರೆ ಹೋಗುತ್ತದೆಯೇ, ಮುಳುಗಿಸಿದರೆ ಮೀನಿಗೆ ಮನೆಯಾಗುತ್ತದೆಯೇ?

ಬಳಸಿ ಬೇಡವಾದ ದೋಣಿಯನ್ನು ಏನು ಮಾಡಬೇಕು ಎಂದು ಕರಾವಳಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ: ಬೆಂಕಿ ಕೊಡಿ, ಮುಳುಗಿಸಿ, ಇಲ್ಲವೇ ದಡದಲ್ಲೇ ಬಿಡಿ, ತಾನಾಗಿ ಹಾಳಾಗುತ್ತದೆ. ಮರದ ದೋಣಿಗಳ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಒಳ್ಳೆಯ ಹಲಗೆ ಇನ್ನೊಂದು ದೋಣಿಗೋ ಕೊಟ್ಟಿಗೆಗೋ ಹೋಗುತ್ತಿತ್ತು, ಮೊಳೆ ಗುಜರಿಗೆ ಹೋಗುತ್ತಿತ್ತು, ಉಳಿದದ್ದನ್ನು ಗೆದ್ದಲು ತಿನ್ನುತ್ತಿತ್ತು. ಉಕ್ಕಿನ ಬೋಟಿಗೂ ಚಿಂತೆಯಿಲ್ಲ, ಕತ್ತರಿಸಿ ತೂಕಕ್ಕೆ ಕೊಂಡುಕೊಳ್ಳುವವರಿದ್ದಾರೆ. ಆದರೆ ಇಂದು ದಡದಲ್ಲಿ ಕಾಣುವ ಸಣ್ಣ ದೋಣಿಗಳಲ್ಲಿ ಬಹಳಷ್ಟು ಫೈಬರಿನವು. ಅವುಗಳಿಗೆ ಈ ಮೂರೂ ಉತ್ತರ ಹೊಂದುವುದಿಲ್ಲ.

ಕಾರಣ ವಸ್ತುವಿನಲ್ಲೇ ಇದೆ. ನಾವು ಫೈಬರ್ ಎನ್ನುವುದು ಗಾಜಿನ ಎಳೆಗಳ ಹಾಸಿಗೆ ಪಾಲಿಯೆಸ್ಟರ್ ರಾಳ ಕುಡಿಸಿ ಗಟ್ಟಿ ಮಾಡಿದ ಪದಾರ್ಥ. ಬಕೆಟ್ಟಿನ ಪ್ಲಾಸ್ಟಿಕ್ಕನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದು, ಇದನ್ನು ಆಗದು. ಒಮ್ಮೆ ಗಟ್ಟಿಯಾದ ರಾಳ ಕಾಯಿಸಿದರೆ ಕರಗುವುದಿಲ್ಲ, ಕರಕಲಾಗುತ್ತದೆ. ಗುಜರಿಯವರು ಎಂಜಿನ್ ಕೊಂಡು ದೋಣಿಯ ಒಡಲನ್ನು ಬಿಟ್ಟುಹೋಗುವುದು ಇದಕ್ಕೇ.

ಸುಟ್ಟರೆ ಏನಾಗುತ್ತದೆ?

ಅರ್ಧ ಮಾತ್ರ ಸುಡುತ್ತದೆ. ರಾಳ ಉರಿದು ಕಪ್ಪು ಹೊಗೆ ಬರುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಮಸಿಯ ಜೊತೆಗೆ ಸ್ಟೈರೀನ್ ಕೂಡ ಇರುತ್ತದೆ. ಸ್ಟೈರೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿದೆ. ಗಾಜು ಸುಡುವುದೇ ಇಲ್ಲ. ರಾಳದ ಹಿಡಿತ ತಪ್ಪಿದ ಎಳೆಗಳು ಬೂದಿಯೊಂದಿಗೆ ಮರಳಲ್ಲಿ ಉಳಿದು, ಗಾಳಿಗೆ ಹಾರುತ್ತವೆ, ಬರಿಗಾಲಿಗೆ ಚುಚ್ಚುತ್ತವೆ.

ಹಾಗೆಂದು 'ಫೈಬರ್ ದೂಳು ಎಂದರೆ ಆಸ್ಬೆಸ್ಟಾಸ್ ಇದ್ದಂತೆ' ಎಂಬ ಹೆದರಿಕೆಯೂ ಸರಿಯಲ್ಲ. ದೋಣಿಗೆ ಬಳಸುವಂಥ ಉದ್ದನೆಯ ಗಾಜಿನ ಎಳೆ ಕ್ಯಾನ್ಸರ್‌ಕಾರಕ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅದೇ ಸಂಸ್ಥೆ ಹೇಳಿದೆ. ಆದರೆ ಚರ್ಮ, ಕಣ್ಣು, ಗಂಟಲಿಗೆ ಉರಿ ತರುವುದು ನಿಜ. ಕತ್ತರಿಸುವುದಿದ್ದರೆ ನೀರು ಚಿಮುಕಿಸುತ್ತಾ, ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿ ಕೆಲಸ ಮಾಡಬೇಕು. ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಸಾಲದು.

ಮುಳುಗಿಸಿದರೆ?

'ಮೀನಿಗೆ ಮನೆಯಾಗುತ್ತದೆ' ಎಂಬ ನಂಬಿಕೆ ಬಂದಿರುವುದು ದೊಡ್ಡ ಹಡಗುಗಳಿಂದ. ಅಮೆರಿಕ 2006ರಲ್ಲಿ 'ಒರಿಸ್ಕನಿ' ಎಂಬ ಯುದ್ಧನೌಕೆಯನ್ನು ಫ್ಲೋರಿಡಾ ಬಳಿ ಕೃತಕ ಬಂಡೆಯಾಗಲೆಂದು ಮುಳುಗಿಸಿತು, ನಿಜ. ಆದರೆ ಅದು ಸಾವಿರಾರು ಟನ್ ಉಕ್ಕು, ಮುಳುಗಿಸುವ ಮೊದಲು ಅದನ್ನು ಶುಚಿಗೊಳಿಸಲಾಗಿತ್ತು. ಹಗುರ ವಸ್ತುಗಳ ಕಥೆ ಬೇರೆ. ಅದೇ ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಇದೇ ಉದ್ದೇಶಕ್ಕೆ ಸುಮಾರು 20 ಲಕ್ಷ ಹಳೆಯ ಟಯರು ಹಾಕಿದ್ದರು. ಕಟ್ಟು ಸಡಿಲವಾಗಿ ಅವು ಅಲೆಗೆ ಉರುಳಾಡಿ, ಪಕ್ಕದ ಜೀವಂತ ಹವಳಕ್ಕೇ ಬಡಿದವು. ಆಮೇಲೆ ಎತ್ತುವ ಕೆಲಸವೇ ದೊಡ್ಡದಾಯಿತು. ತೆಳು ಗೋಡೆಯ ಫೈಬರ್ ದೋಣಿಯನ್ನೂ ಮಳೆಗಾಲದ ಕಡಲು ಹಾಕಿದ ಜಾಗದಲ್ಲಿ ಇರಗೊಡುವುದಿಲ್ಲ. ಅದು ಯಾರದೋ ಬಲೆಗೆ ಸಿಕ್ಕಿ ಬಲೆ ಹರಿದರೆ, ನಷ್ಟ ಇನ್ನೊಬ್ಬ ಮೀನುಗಾರನಿಗೆ.

ಹಾಗೇ ಬಿಡುವುದಂತೂ ಎಲ್ಲಕ್ಕಿಂತ ಸುಲಭ, ಅದಕ್ಕೇ ಎಲ್ಲಕ್ಕಿಂತ ಹೆಚ್ಚು. ಅಳಿವೆಯ ಬದಿಯಲ್ಲಿ ಬಿದ್ದಿರುವ ದೋಣಿ ಫೋಟೊಗೆ ಚೆಂದ. ಆದರೆ ಬಿಸಿಲಿಗೆ ರಾಳ ಬಿರುಕುಬಿಟ್ಟು ಎಳೆ ಉದುರುತ್ತದೆ. ಇಂಗ್ಲೆಂಡಿನ ಚಿಚೆಸ್ಟರ್ ಬಂದರಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಕಿಲೋ ಸಿಂಪಿಯ ಮಾಂಸದಲ್ಲಿ 11,220ರವರೆಗೆ ಗಾಜಿನ ಚೂರುಗಳು ಸಿಕ್ಕವು. ಮರುವಾಯಿ ತಿನ್ನುವ ನಮಗೆ ಇದು ದೂರದ ಸುದ್ದಿಯಲ್ಲ. ಇನ್ನೊಂದು ತೊಂದರೆ ಇಲ್ಲಿಯದೇ: ಮಲೇರಿಯಾ, ಡೆಂಗಿ ಎರಡನ್ನೂ ಕಂಡಿರುವ ಮಂಗಳೂರಿನಂಥ ಊರಲ್ಲಿ, ಅಂಗಾತ ಬಿದ್ದ ದೋಣಿಯ ಮಳೆನೀರು ಸೊಳ್ಳೆಯ ತೊಟ್ಟಿಲು. ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಏನೂ ಮಾಡಲಾಗದಿದ್ದರೆ ಕನಿಷ್ಠ ಮಗುಚಿ ಹಾಕಿ, ಇಲ್ಲವೇ ತಳಕ್ಕೆ ತೂತು ಕೊರೆಯಿರಿ.

ಹಾಗಾದರೆ ಏನು ಮಾಡಬಹುದು?

ಮೊದಲು, ದೋಣಿ ನಿಜಕ್ಕೂ ಸತ್ತಿದೆಯೇ ನೋಡಿ. ತಳದ ಬಿರುಕಿಗೆ ಹೊಸ ಫೈಬರ್ ಹೊದಿಸಿದರೆ ಒಳನಾಡಿನ ಕೆರೆ, ಹಿನ್ನೀರಿನ ಮೀನುಗಾರಿಕೆಗೆ ಇನ್ನೂ ಕೆಲವು ವರ್ಷ ಬರಬಹುದು. ಮಾರಿದರೂ ದಾನ ಕೊಟ್ಟರೂ ನೋಂದಣಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ಹೊಸಬರ ಹೆಸರಿಗೆ ಮಾಡಿಸಿ. ಒಡೆಯುವುದಿದ್ದರೆ ರದ್ದು ಮಾಡಿಸಿ. 2008ರ ಮುಂಬೈ ದಾಳಿಕೋರರು ಬಂದದ್ದು ಅಪಹರಿಸಿದ 'ಕುಬೇರ್' ಎಂಬ ಮೀನುಗಾರಿಕಾ ಬೋಟಿನಲ್ಲಿ. ಅಂದಿನಿಂದ ಕಡಲಿನ ಪ್ರತಿ ದೋಣಿಯೂ ಯಾರದು ಎಂಬ ಪ್ರಶ್ನೆ ಬರಿಯ ಕಾಗದದ್ದಲ್ಲ.

ಒಡೆಯುವುದೇ ಸರಿ ಎಂದಾದರೆ ಎಂಜಿನ್, ಹಿತ್ತಾಳೆ, ಉಕ್ಕಿನ ಭಾಗ ಬಿಚ್ಚಿ ಮಾರಿ. ಬ್ಯಾಟರಿಯನ್ನು ಬ್ಯಾಟರಿ ಅಂಗಡಿಗೇ ಹಿಂತಿರುಗಿಸಿ. ಹಳೆಯ ಆಯಿಲ್ಲನ್ನು ನೀರಿಗೆ ಸುರಿಯಬೇಡಿ. ಒಡಲಿನ ತುಂಡು ಕೋಳಿಗೂಡಿನ ಮಾಡಿಗೆ ಆದೀತು, ಆದರೆ ಹಸುಗಳಿಗೆ ನೀರಿಡಲು ಬೇಡ. ತಳದ ಬಣ್ಣದಲ್ಲಿ ಚಿಪ್ಪುಜೀವಿ ಅಂಟದಂತೆ ವಿಷ ಬೆರೆಸಿರುತ್ತಾರೆ. ಫೈಬರ್ ಹೊದಿಸಿದ ಮರದ ದೋಣಿಯ ಹಲಗೆಯನ್ನೂ ಒಲೆಗೆ ಹಾಕಬೇಡಿ.

ಉಳಿದ ಒಡಲಿಗೆ ಸದ್ಯ ಒಳ್ಳೆಯ ದಾರಿ ಸಿಮೆಂಟ್ ಗೂಡು. ಅಲ್ಲಿನ ಸುಮಾರು 1,450 ಡಿಗ್ರಿ ಶಾಖದಲ್ಲಿ ರಾಳ ಉರುವಲಾಗುತ್ತದೆ, ಗಾಜು ಸಿಮೆಂಟಿನೊಳಗೇ ಸೇರಿಹೋಗುತ್ತದೆ. ಜಪಾನ್ 2005ರಿಂದ ಫೈಬರ್ ದೋಣಿಗಳನ್ನು ಪುಡಿಮಾಡಿ ಹೀಗೆ ಬಳಸುತ್ತಿದೆ. ಫ್ರಾನ್ಸ್‌ನಲ್ಲಿ 2019ರಿಂದ ವಿಹಾರದೋಣಿಗಳನ್ನು ಉಚಿತವಾಗಿ ಒಡೆಯುವ ವ್ಯವಸ್ಥೆಯಿದೆ, ಕೇಂದ್ರಕ್ಕೆ ಸಾಗಿಸುವ ಖರ್ಚು ಮಾತ್ರ ಮಾಲೀಕರದು. ನಮ್ಮ 2019ರ ಹಡಗು ಮರುಬಳಕೆ ಕಾಯ್ದೆ 500 ಟನ್ನೇಜ್‌ಗಿಂತ ಸಣ್ಣವನ್ನು ಮುಟ್ಟುವುದಿಲ್ಲ. ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಕಲಬುರಗಿ ಕಡೆ, ದೋಣಿಗಳಿರುವುದು ಕಾರವಾರದಿಂದ ಮಂಗಳೂರಿನವರೆಗೆ. ಒಬ್ಬರ ಒಂದು ದೋಣಿಗಾಗಿ ಲಾರಿ ಮಾಡಿ ಅಷ್ಟು ದೂರ ಕಳಿಸುವುದು ಆಗದ ಮಾತು. ಬಂದರಿನ ಮೀನುಗಾರರ ಸಂಘ ಹತ್ತಿಪ್ಪತ್ತು ಒಡಲುಗಳನ್ನು ಒಂದೆಡೆ ಸೇರಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಮೂಲಕ ಕೇಳಿದರೆ ಆ ಲೆಕ್ಕ ಬೇರೆಯಾಗುತ್ತದೆ.