ಪಿಕಪ್ ತಡವರಿಕೆ (ಟರ್ಬೊ ಎಂಜಿನ್)
ಎಕ್ಸಲರೇಟರ್ ತುಳಿದಾಗ ಟರ್ಬೊ ಕಾರು ಎಳೆಯದೆ ತಡವರಿಸುವ ದೋಷ. ಕ್ಷಣಕಾಲ ತಡೆದು ಆಮೇಲೆ ಒಂದೇ ಸಮನೆ ಎಳೆಯುವುದು ದೋಷವಲ್ಲ. ಅದು ಹೊಗೆಯ ಒತ್ತಡಕ್ಕೆ ಟರ್ಬೈನ್ ವೇಗ ಪಡೆಯಲು ಬೇಕಾದ ಸಮಯ, ಟರ್ಬೊ ಲ್ಯಾಗ್. ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ತಯಾರಾಗುವ ಡೀಸೆಲ್ ಇನ್ನೋವಾದಂಥ ಟರ್ಬೊ ಗಾಡಿಗಳು ರಾಮನಗರ, ಚನ್ನಪಟ್ಟಣದ ರಸ್ತೆಗಳಲ್ಲಿ ಸಾಮಾನ್ಯ. ಇವುಗಳಲ್ಲಿ ಪಿಕಪ್ ಕುಗ್ಗಿದರೆ ಮೊದಲು ಟರ್ಬೊವನ್ನೇ ದೂರುವುದು ಅವಸರದ, ದುಬಾರಿ ತೀರ್ಮಾನ. ಕನಕಪುರ, ಮಾಗಡಿ ಕಡೆಯ ಕಲ್ಲುಕ್ವಾರಿ ದಾರಿಗಳ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್ ಬಿರುಕುಬಿಟ್ಟರೆ ಒತ್ತಡದ ಗಾಳಿ ಸೋರುತ್ತದೆ. ಐಡಲಿಂಗಿನಲ್ಲಿ ಒತ್ತಡ ಅಷ್ಟಾಗಿ ಇರದ ಕಾರಣ ನಿಂತ ಗಾಡಿಯಲ್ಲಿ ಇದು ತಿಳಿಯದು. ಹೋಸಿನ ಕ್ಲಿಪ್ ಸುತ್ತ ಎಣ್ಣೆ ಜಿಡ್ಡಿಗೆ ಅಂಟಿದ ಧೂಳು, ತುಳಿದಾಗ ಸುಯ್ಯೆನ್ನುವ ಸದ್ದು, ಕಪ್ಪು ಹೊಗೆ ಸೋರಿಕೆಯ ಕುರುಹುಗಳು.

ಸ್ಕ್ಯಾನರ್ ಪಿ0299 ಕೋಡ್ ತೋರಿಸಿದ ಮೇಲೂ ಟರ್ಬೊ ಬದಲಿಸಬಾರದೇಕೆ ಎಂಬ ಆಕ್ಷೇಪವುಂಟು. ಆ ಕೋಡ್ ಹೇಳುವುದು ಗಾಳಿಯ ಒತ್ತಡ ಸಾಲದೆಂದಷ್ಟೇ, ಕಾರಣವನ್ನಲ್ಲ. ತೂತಾದ ವ್ಯಾಕ್ಯೂಮ್ ಪೈಪ್, ಮಸಿ ಕಟ್ಟಿ ಬಿಗಿದ ವೇನ್‌ಗಳೂ ಅದೇ ಕೋಡ್ ತರಬಲ್ಲವು. ಆದ್ದರಿಂದ ಓಡುವ ಗಾಡಿಯಲ್ಲಿ ಎಂಜಿನ್ ಕೇಳಿದ ಒತ್ತಡವನ್ನೂ ಸಿಕ್ಕಿದ ಒತ್ತಡವನ್ನೂ ಹೋಲಿಸಬೇಕು. ಎರಡೂ ಸರಿಹೊಂದಿ, ಹೊಗೆಯೂ ಇಲ್ಲದೆ ತಡವರಿಸಿದರೆ ಅನುಮಾನ ಡೀಸೆಲ್ ಫಿಲ್ಟರ್ ಮೇಲೆ. ಶಾಫ್ಟಿನ ಅಲುಗಾಟ ನೋಡಲು ಟರ್ಬೊ ಬಿಚ್ಚುವುದು ಇವೆಲ್ಲ ಮುಗಿದ ಮೇಲೆ.