ಸುಣ್ಣ, ಗಟ್ಟು ಮತ್ತು ನನ್ನ ಹಠ

ಮೊನ್ನೆ ಮಹಾನವಮಿ ರಜಕ್ಕೆ ಸಾಗರದ ಹತ್ತಿರದ ನಮ್ಮೂರಿಗೆ ಹೋದವನು ಮೂರು ದಿನ ಮಾಡಿದ್ದು ಒಂದೇ ಕೆಲಸ. ಮನೆಯ ಪಡುವಣ ಗೋಡೆಯ ಬಣ್ಣ ಕೆರೆಯೋದು! ಅದೂ ಎರಡು ವರ್ಷದ ಹಿಂದೆ ನಾನೇ ದುಡ್ಡು ಕೊಟ್ಟು ಹೊಡೆಸಿದ ಬಣ್ಣ. "ವರ್ಷಾ ವರ್ಷಾ ಸುಣ್ಣ ಬಳಿಯೋದು ಯಾವ ಕಾಲದ್ದು ಅಪ್ಪಾ? ಎಮಲ್ಷನ್ ಹೊಡೆಸಿದ್ರೆ ಐದು ವರ್ಷ ತಿರುಗಿ ನೋಡೋದೇ ಬೇಡ" ಅಂತ ಹಠ ಹಿಡಿದಿದ್ದೆ. ಮೊದಲ ಮಳೆಗಾಲಕ್ಕೇ ಹಪ್ಪಳದ ಹಾಗೆ ಉಬ್ಬಿತು. ಎರಡನೇದಕ್ಕೆ ಹಳೇ ಗಾರೆಯನ್ನೂ ಕಿತ್ತುಕೊಂಡು ಬಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು...

ಕೆರೀತಾ ಕೆರೀತಾ ತಲೆಗೆ ಹುಳ ಹೊಕ್ಕಿತು. ಗೋಡೆಗೆ ಬಣ್ಣ ಹೊಡೆಯೋಕೆ ನಮಗೆ ದಸರಾ-ದೀಪಾವಳಿಯೇ ಯಾಕೆ ಬೇಕು?

ಉತ್ತರ ಸುಣ್ಣದಲ್ಲೇ ಇದೆ. ಸುಣ್ಣದ ಕಲ್ಲನ್ನೋ, ಕರಾವಳಿಯಲ್ಲಾದರೆ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತೆ. ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತೆ. ಆದರೆ ಹಾಗಾಗಲು ತೇವ ಬೇಕು. ಬೇಸಿಗೆ ಬಿಸಿಲಿಗೆ ಬೇಗ ಒಣಗಿದರೆ ಕೈಗೆ ಪುಡಿ ಹತ್ತುತ್ತೆ, ಮಳೆಗಾಲದಲ್ಲಿ ಬಳಿದರೆ ತೊಳೆದು ಹೋಗುತ್ತೆ. ಮಳೆ ಹಿಂದೆ ಸರಿದು, ಗೋಡೆಯೊಳಗೆ ಇನ್ನೂ ತಂಪಿದ್ದು, ಬಿಸಿಲು ಹದವಾಗಿರೋ ಶರದೃತು ಸುಣ್ಣಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಗಾಲದ ಪಾಚಿಯನ್ನೂ ಸುಣ್ಣದ ಕ್ಷಾರ ಕೊಲ್ಲುತ್ತೆ. ದೊಡ್ಡಹಬ್ಬದ ಮುಂಚಿನ ಗಡಿಬಿಡಿಯ ಹಿಂದೆ ಇಷ್ಟು ಲೆಕ್ಕ ಇತ್ತು!

ಚಿಕ್ಕವರಿದ್ದಾಗ ಸುಣ್ಣದ ಬಕೆಟ್ಟಿಗೆ ಚಿಟಿಕೆ ನೀಲಿ ಹಾಕೋ ಕೆಲಸ ನನ್ನದಾಗಿತ್ತು. ಆ ನೀಲಿಗೂ ಒಂದು ಕಥೆ ಇದೆ. ಲ್ಯಾಪಿಸ್ ಲಜುಲಿ ಕಲ್ಲಿನಿಂದ ತೆಗೆಯುತ್ತಿದ್ದ ಅಲ್ಟ್ರಾಮರೀನ್ ನೀಲಿ ವಿಪರೀತ ದುಬಾರಿ. ಅದನ್ನು ಅಗ್ಗವಾಗಿ ತಯಾರಿಸುವವರಿಗೆ 1824ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು 6,000 ಫ್ರಾಂಕ್ ಬಹುಮಾನ ಇಟ್ಟಿತು. 1828ರಲ್ಲಿ ಗಿಮೆ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಗೆದ್ದ. ಚಿತ್ರಕಾರರ ನೀಲಿ ಕೊನೆಗೆ ಮಲೆನಾಡಿನ ಬಕೆಟ್ಟಿಗೂ ಬಂತು.

ಆಮೇಲೆ ಬಂದಿದ್ದು ಡಬ್ಬಿ ಬಣ್ಣ. ಏಷಿಯನ್ ಪೇಂಟ್ಸ್ ಮುಂಬೈಯಲ್ಲಿ 1942ರಲ್ಲಿ ಶುರುವಾಯಿತು. 1954ರಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅದಕ್ಕೆ ಬ್ರಷ್ ಹಿಡಿದ ತುಂಟ ಹುಡುಗ 'ಗಟ್ಟು'ವನ್ನು ಬರೆದುಕೊಟ್ಟರು. ಅದರ ಹಿಂದಿನ ವರ್ಷವಷ್ಟೇ, 1953ರಲ್ಲಿ, ಅಮೆರಿಕದಲ್ಲಿ ಹೊರಗೋಡೆಗೂ ಬಾಳುವ ಅಕ್ರಿಲಿಕ್ ಎಮಲ್ಷನ್‌ಗೆ ದಾರಿಯಾಗಿತ್ತು.

ಎಮಲ್ಷನ್ ಗುಣ ಸುಣ್ಣಕ್ಕೆ ಉಲ್ಟಾ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಕಣಗಳು ನೀರು ಆರಿದ ಮೇಲೆ ಒಂದಕ್ಕೊಂದು ಅಂಟಿ ಹಾಳೆಯಾಗುತ್ತವೆ. ಅದಕ್ಕೆ ಒಣಗಿದ ಗೋಡೆಯೇ ಆಗಬೇಕು. ನಾಲ್ಕು ತಿಂಗಳ ಮಳೆ ಕುಡಿದ ಜಂಬಿಟ್ಟಿಗೆ ಗೋಡೆಗೆ ಈ ಹಾಳೆ ಹೊದೆಸಿದರೆ ಒಳಗಿನ ತೇವ ಹೋಗೋದೆಲ್ಲಿಗೆ? ಬೆಂಗಳೂರಲ್ಲೂ ನೋಡಿ. ಅಲ್ಲಿ ಅತಿ ಹೆಚ್ಚು ಮಳೆ ಬೀಳೋ ತಿಂಗಳುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಸೇರಿವೆ. ಎಲ್ಲರೂ ಪೇಂಟರ್‌ಗೆ ಫೋನ್ ಮಾಡೋದೂ ಆಗಲೇ! ಹಳೇ ಸಿಸ್ಟಮ್ಮಿಗೆ ಬರೆದ ರೂಲನ್ನು ಏನೂ ನೋಡದೆ ಹೊಸದಕ್ಕೂ ಕಾಪಿ ಮಾಡಿದ ಹಾಗೆ. ಬಣ್ಣ ಬದಲಾಯ್ತು, ಪಂಚಾಂಗ ಬದಲಾಗಲಿಲ್ಲ.

ಹಾಗಾಗಿ ಡಬ್ಬಿಯದ್ದೂ ತಪ್ಪಿಲ್ಲ, ಬಳಿದವರದ್ದೂ ತಪ್ಪಿಲ್ಲ. ಗೋಡೆ ಎಂಥದ್ದು ಅಂತ ಕೇಳದೇ ಹೋದವನು ನಾನು.

ಎಮಲ್ಷನ್ ಮೇಲೆ ಸುಣ್ಣ ಹಿಡಿಯಲ್ಲ, ಪೂರ್ತಿ ಕೆರೆಯಲೇಬೇಕು. ಮೂರನೇ ದಿನ ಸಂಜೆ ಗೋಡೆಗೆ ನೀರು ಚಿಮುಕಿಸಿ ಅಪ್ಪನೇ ಮೊದಲ ಕೈ ಬಳಿದರು. ನೀರು ಬಳಿದ ಹಾಗಿತ್ತು, ಬಿಳುಪೇ ಇಲ್ಲ. ನನ್ನ ಮುಖ ನೋಡಿ "ಈಗ ಕಾಣಲ್ಲ ಮಾರಾಯ, ಆರಿದ ಮೇಲೆ ನೋಡು" ಅಂದರು. ಬೆಳಿಗ್ಗೆ ಎದ್ದು ನೋಡಿದರೆ ಹೌದು, ಬೆಳ್ಳಗಾಗಿತ್ತು.

ನಿಮ್ಮ ಕಡೆ ಸುಣ್ಣಕ್ಕೆ ಏನೇನು ಬೆರೆಸ್ತಿದ್ರು? ಗೊತ್ತಿದ್ರೆ ಹೇಳಿ, ಎರಡನೇ ಕೈ ಇನ್ನೂ ಬಾಕಿ ಇದೆ :)